ಬೋಗಾಣಿಗೆ ಬಂದ ಸಿಟ್ಟು

ಕೋಳಿ ಕೂಗುವ ಮೊದಲೇ ಅಂಗಳ ಗುಡಿಸಿ ಸಗಣಿನೀರು ಚಿಮುಕಿಸುವುದು. ರಂಗೋಲಿಯ ನಾಲ್ಕು ಎಳೆ. ಎಮ್ಮೆಯ ಸಗಣಿ ಬಳಿದು ಹಾಲು ಹಿಂಡುವುದು. ನಲ್ಲಿಯಿಂದ ಆರು ಕೊಡ ನೀರು. ಅತ್ತೆಗೆ ಬಿಸಿನೀರು, ಗಂಡ ಗದ್ದೆಪ್ಪನಿಗೆ ಚಹಾ. ಹದಿನಾರು ಜೋಳದ ರೊಟ್ಟಿ, ಒಂದು ಪಲ್ಯ, ಹೊಲಕ್ಕೆ ಬುತ್ತಿ. ಇಷ್ಟಾದ ಮೇಲೆ ಬಳಗಾನೂರಿನಲ್ಲಿ ಬೆಳಗಾಗುತ್ತದೆ. ಇದನ್ನೆಲ್ಲ ಮಾಡುವ ಕರೆಮ್ಮನನ್ನು ಕೇಳಿ ನೋಡಿ. "ಮುಂಜಾನಿ ಏನೂ ಕೆಲಸಿರಂಗಿಲ್ರೀ. ಅಂಗನವಾಡಿಗಿ ಹೋದಮ್ಯಾಲೇ ಕೆಲಸ" ಎನ್ನುತ್ತಾಳೆ.

ಅಂಗನವಾಡಿಯಲ್ಲಿ ಅವಳು ಸಹಾಯಕಿ. ಅಲ್ಲಿಯೂ ಗುಡಿಸುವುದು, ನೀರು ತುಂಬುವುದು, ಅನ್ನ ಬೇಯಿಸುವುದು. ಆದರೆ ಅಲ್ಲಿ ಉಂಡವರು "ಆಯಮ್ಮ, ಇವತ್ತಿಂದು ಚಲೋ ಇತ್ತು" ಎನ್ನುತ್ತಾರೆ. ಇಪ್ಪತ್ತೆರಡು ಮಂದಿ, ಯಾರಿಗೂ ಆರು ತುಂಬಿಲ್ಲ.

ಹೋದ ವರ್ಷ ಅಲ್ಲಿಗೆ ಒಂದು ಡಬ್ಬಿ ತುಂಬ ಚಿತ್ರಪುಸ್ತಕ ಬಂದವು. ಮೊದಲ ವಾರವೇ ನಾಲ್ಕು ವರ್ಷದ ಬುಡ್ಡೇಸಾಬ್ ಆನೆಯ ಸೊಂಡಿಲನ್ನು ಕಿತ್ತು ತಿಂದುಬಿಟ್ಟ. "ತಪಾಸಣಿಗಿ ಬಂದ್ರ ನಾ ಏನಂತ ತೋರಿಸ್ಲಿ?" ಎಂದು ಟೀಚರ್ ವಸೀಮಾ ಉಳಿದ ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಮಕ್ಕಳು ಟ್ರಂಕಿಗೆ ಕಿವಿಯಿಟ್ಟು, "ಆನಿ ಒಳಗ ಉಸಿರಾಡಾಕತ್ತೈತೇನು?" ಎಂದು ಕೇಳತೊಡಗಿದವು.

ಕರೆಮ್ಮನಿಗೆ ತಡೆಯಲಾಗಲಿಲ್ಲ. ಅವಳಿಗೆ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯಲು ಬರುತ್ತಿತ್ತು.

"ಬಟ್ಟಿ ಪುಸ್ತಕ ಮಾಡೂನ್ರಿ ಟೀಚರ್. ಕಚ್ಚಿದ್ರ ಕಚ್ಚಲಿ, ಒಗದು ಹಾಕಿದ್ರಾತು."

ಪ್ರತಿ ಮಗುವೂ ಮನೆಯಿಂದ ಒಂದೊಂದು ಚಿಂದಿ ತಂದಿತು. ಯಾವ ಚಿಂದಿ ಏನಾಗಬೇಕೆಂದು ಹೇಳುವ ಹಕ್ಕು ತಂದವರದೇ. ಅಪ್ಪನ ಚೌಕಡಿ ಲುಂಗಿ ಭತ್ತದ ಗದ್ದೆಯಾಯಿತು, ಅಜ್ಜಿಯ ಕುಪ್ಪಸ ನವಿಲಾಯಿತು. ಬುಡ್ಡೇಸಾಬ್ ತನ್ನ ಆನೆಗೆ ಎರಡು ಸೊಂಡಿಲು ಬೇಕೆಂದು ಹಟ ಹಿಡಿದ. "ಒಂದು ನಾ ತಿಂದ್ರ ಇನ್ನೊಂದಿರ್ಲಿ" ಎಂದ. ಎರಡು ಸೊಂಡಿಲು ಹೊಲಿದಳು. ನಗುವವರ ಹಾಳೆ, ಅಳುವವರ ಹಾಳೆ, ಅಂಜುವವರ ಹಾಳೆ ಮುಗಿದವು. ಸಿಟ್ಟಿನ ಹಾಳೆ ಉಳಿಯಿತು.

"ಸಿಟ್ಟು ಯಾರಿಗಿ ಬರ್ತತಿ?" ಎಂದು ಬೋಗಾಣಿಯಲ್ಲಿ ಅನ್ನ ತಿರುವುತ್ತಲೇ ಕರೆಮ್ಮ ಕೇಳಿದಳು.

"ಅಪ್ಪಗ!" "ಎಮ್ಮಿಗಿ!" "ಬಸ್ಸಿನ ಕಂಡಕ್ಟರಗ!"

"ಮತ್ತ ಅವ್ವಗ?"

ಐದು ವರ್ಷದ ಹುಸೇನಮ್ಮ ಯೋಚಿಸಿ ಹೇಳಿದಳು: "ಅವ್ವಗ ಬರಂಗಿಲ್ಲ. ಅವ್ವನ ಬೋಗಾಣಿಗಿ ಬರ್ತತಿ. ಧಡ್ ಅಂತ ಒದರತೈತಿ."

"ನಮ್ಮನ್ಯಾಗೂ ಒದರತೈತಿ!" ಎಂದು ಉಳಿದವು ಕೂಗಿದವು.

ಕರೆಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೌಟು ಬಹಳ ಹೊತ್ತು ಅನ್ನದಲ್ಲೇ ನಿಂತಿತ್ತು.

ಮರುದಿನ ಹಾಳೆಯ ಮೇಲೆ ಒಂದು ಬೋಗಾಣಿ ಕೂತಿತ್ತು. ಉಬ್ಬಿದ ಕೆನ್ನೆ, ಕೆಂಪು ಕಣ್ಣು, ಎಡಮಗ್ಗುಲಲ್ಲಿ ಒಂದು ತಗ್ಗು. ಹುಸೇನಮ್ಮ ತಲೆ ಓರೆ ಮಾಡಿ ನೋಡಿದಳು.

"ಇದರ ಬಾಜೂಕ ಅವ್ವನ್ನ ಕುಂದ್ರಸು ಆಯಮ್ಮ. ಸಿಟ್ಟು ಬಂದಾಗ ಒಬ್ಬಾಕಿನ್ನೇ ಬಿಡಬಾರದು. ಅವರಿಬ್ರೂ ಗೆಳತೇರು."

"ಅವ್ವ ನಗ್ತಿರ್ಬೇಕೇನು?"

"ಯಾಕ ನಗ್ತಾಳ? ಸಿಟ್ಟಿನ ಹಾಳಿ ಐತಲ್ಲ!"

ಕರೆಮ್ಮ ಹೂಂ ಎಂದಳು. ವಸೀಮಾ ಮಾತ್ರ ಮೆಲ್ಲಗೆ ಹತ್ತಿರ ಬಂದಳು. "ಕರೆಮ್ಮಕ್ಕ, ನಾಳಿ ಬಾಲಮೇಳಕ್ಕ ಅತ್ತೆಗೋಳೆಲ್ಲ ಬರ್ತಾರ. ಬೋಗಾಣಿ ನೋಡಿ ನಗ್ತಾರ, ಸೊಸಿ ಸಿಟ್ಟು ನೋಡಿ ನಗಂಗಿಲ್ಲ. ಬಾಜೂಕ ಒಂದು ಬೆಕ್ಕು ಹೊಲೀರಿ, ಸಾಕು."

ಸಂಜೆ ಮನೆಯಲ್ಲಿ ಹಾಳೆ ಬಿಚ್ಚಿದಾಗ ಅತ್ತೆ ಬಗ್ಗಿ ನೋಡಿದಳು.

"ಈ ತಗ್ಗು ನೋಡು. ಇದು ನಮ್ಮನಿ ಬೋಗಾಣಿ ಅಲ್ಲೇನ ಬೇ?"

ಗದ್ದೆಪ್ಪ ಚಹಾ ತುಳುಕಿಸಿಕೊಂಡು ನಕ್ಕ. "ಹೌದವ್ವ, ಹೋದ ಶ್ರಾವಣದಾಗ ಈಕಿ ಕುಕ್ಕಿದ್ದು. ನಾ ಮೂರು ದಿನ ಮನಿಯಾಗ ಸಪ್ಪಳಿಲ್ದಂಗ ತಿರುಗ್ಯಾಡೀನಿ!"

"ನೀ ನಗಬ್ಯಾಡಲೇ. ನಾಳಿ ನಾಕು ಮಂದಿ ನೋಡ್ತಾರ, ಈಕಿ ಸಿಟ್ಟಿನಾಕಿ ಅಂತಾರ. ಅದನ್ನ ಬಿಚ್ಚಿ ಒಂದು ಹೂವು ಹೊಲಿ ಬೇ."

ಕರೆಮ್ಮ ಹಾಳೆ ಮಡಚಿಟ್ಟು ರಾತ್ರಿಯ ಪಾತ್ರೆಗಳಿಗೆ ಕೈ ಹಾಕಿದಳು. ಅಂದು ಒಂದೂ ಸಪ್ಪಳವಾಗಲಿಲ್ಲ.

ಮರುದಿನ ಕೋಳಿ ಕೂಗುವ ಮೊದಲೇ ಪೊರಕೆ ಹಿಡಿದು ಹೊರಗೆ ಬಂದಳು. ಹಗ್ಗದ ಮೇಲೆ ಅವಳ ಗಿಳಿಹಸಿರು ಸೀರೆ ಒಣಗುತ್ತಿತ್ತು. ಸಾಸಿವೆ ಬಣ್ಣದ ದೊಡ್ಡ ಬೊಟ್ಟುಗಳ ಆ ಸೀರೆ ಬಸ್ ನಿಲ್ದಾಣದಲ್ಲಿ ಕಂಡರೆ ಸಾಕು, ಕರೆಮ್ಮ ಬಂದಳೆಂದು ಊರು ಹೇಳುತ್ತಿತ್ತು. ಬಾಲಮೇಳಕ್ಕೆ ಅದನ್ನೇ ಉಡಬೇಕೆಂದು ಒಗೆದಿದ್ದಳು. ಒಳಗೆ ಯಾರೂ ಎದ್ದಿರಲಿಲ್ಲ. ಬೆಕ್ಕಿಗೆಂದು ವಸೀಮಾ ಕೊಟ್ಟ ಕಪ್ಪು ಚಿಂದಿ ಸೊಂಟದ ಚೀಲದಲ್ಲಿತ್ತು, ಹೂವಿಗೆಂದು ಅತ್ತೆ ಕೊಟ್ಟ ಗುಲಾಬಿ ಚಿಂದಿಯೂ ಇತ್ತು.

ಪೊರಕೆಯನ್ನು ಗೋಡೆಗೆ ಆನಿಸಿದಳು. ಸೀರೆ ಎಳೆದುಕೊಂಡು ಕಟ್ಟೆಯ ಮೇಲೆ, ಬಲ್ಬಿನ ಕೆಳಗೆ ಕೂತಳು. ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ ಕತ್ತರಿಸಿದರೆ ಉಟ್ಟಾಗ ಯಾರಿಗೂ ತಿಳಿಯುವುದಿಲ್ಲ. ಆ ತುದಿಯನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿ, ಮಡಿಲಿಗೆ ಬಿಟ್ಟಳು. ಸೆರಗಿನ ಮೂಲೆಯಿಂದ, ಎದ್ದು ಕಾಣುವಲ್ಲಿಂದಲೇ, ಹಾಳೆಯ ಅವ್ವನಿಗೆ ಉಡಿಸಲು ಅಂಗೈಯಗಲ ಬಟ್ಟೆ ಕತ್ತರಿಸಿ, ಅವಳ ಗಂಟಿಕ್ಕಿದ ಹುಬ್ಬಿಗೆಂದು ಸೂಜಿಗೆ ಕರಿ ದಾರ ಪೋಣಿಸಿದಳು.