ಶಿವರಾತ್ರಿಯ ಲಾಂಚಿನಲ್ಲಿ ಒಂದು ಹೆಸರು

ನನ್ನ ಗಂಟಲಿನ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಮುಂಬಯಿಯ ಸಯನ್ನಿನ ನಮ್ಮ ಅಡಿಗೆಮನೆಯಲ್ಲಿ ನಾನು ಗುಟ್ಟು ಹೇಳಿದರೆ ಕುರ್ಲಾ ಸ್ಟೇಷನ್ನಿನಲ್ಲಿ ನಿಂತವರು ಹೌದೌದೆಂದು ತಲೆಯಾಡಿಸುತ್ತಾರೆ ಎಂಬುದು ನಮ್ಮವರ ಅಭಿಪ್ರಾಯ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ವಾರ್ಡನ್ನಮ್ಮನೂ ಇದನ್ನೇ ಸ್ವಲ್ಪ ಕಟುವಾಗಿ ಹೇಳಿದ್ದರು. ಇಂಥ ಗಂಟಲು ಮೊನ್ನೆ ಶಿವರಾತ್ರಿಯ ದಿನ ನನಗೊಂದು ದೊಡ್ಡ ಉಪಕಾರ ಮಾಡಿತು.

ಆವತ್ತು ಅಪೋಲೊ ಬಂದರಿನಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚಿನಲ್ಲಿ ಕೂತಿದ್ದೆ. ಗುಹೆಯ ಶಿವನನ್ನು ನೋಡಲು ಇಡೀ ಮುಂಬಯಿಯೇ ಹೊರಟಂತಿತ್ತು. ನಮ್ಮವರು ತಮಗೆ ಸಮುದ್ರ ಆಗದೆಂದು ದಡದಲ್ಲೇ ಉಳಿದು, ನನ್ನನ್ನು ಮಾತ್ರ ಬಹಳ ಧೈರ್ಯವಾಗಿ ಕಳಿಸಿದ್ದರು.

ಈ ದ್ವೀಪದ ಕಥೆಯೂ ತಮಾಷೆಯದೇ. ಅಲ್ಲಿ ಹುಟ್ಟಿ ಬೆಳೆದವರು ಅದನ್ನು ಘಾರಾಪುರಿ ಎನ್ನುತ್ತಾರೆ. ಪೋರ್ಚುಗೀಸರು ಬಂದರು, ಕಲ್ಲಿನ ಆನೆಯೊಂದನ್ನು ಕಂಡರು, ದ್ವೀಪಕ್ಕೇ ಆನೆಯ ಹೆಸರಿಟ್ಟರು. ಆಮೇಲೆ ಬಂದ ಇಂಗ್ಲಿಷರು ಆ ಆನೆಯನ್ನೇ ಸಾಗಿಸಿಕೊಂಡು ಹೋದರು, ಅದೀಗ ಮುಂಬಯಿಯ ರಾಣಿಬಾಗಿನ ತೋಟದಲ್ಲಿದೆ. ಆನೆ ಹೋಯಿತು, ಹೆಸರು ಉಳಿಯಿತು. ಹೆಸರಿಡುವವರು ಇಡಿಸಿಕೊಳ್ಳುವವರನ್ನು ಒಂದು ಮಾತು ಕೇಳುವ ಪದ್ಧತಿ ಎಲ್ಲೂ ಇದ್ದಂತಿಲ್ಲ.

ಮದುವೆಗಳಲ್ಲೂ ಇಲ್ಲ. ನಮ್ಮ ಮೈಸೂರ ಕಡೆ ಹೆಣ್ಣು ತವರಿನ ಹೆಸರಿನ ಸಮೇತ ಗಂಡನ ಮನೆಗೆ ಬರುತ್ತಾಳೆ. ಬಂದಮೇಲೆ ಆ ಹೆಸರನ್ನು ಗಂಡ ಬಾಯಿಬಿಟ್ಟು ಕರೆಯುವುದಿಲ್ಲ, ಅದು ಬೇರೆ ಮಾತು. ಮದುವೆಯಾದಾಗಿನಿಂದ ನಾನು ಬರೀ 'ಇವಳೇ'. ಆದರೆ ಕಾರವಾರದ ಕೊಂಕಣಿ ಮನೆಗಳಲ್ಲಿ ಮದುವೆಯ ದಿನವೇ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡ ಅದರ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯ ಹೆಸರು ಮುಗಿಯಿತು. ಇದು ನನಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದೆಯೇ ಗಿರಿಜೆಯನ್ನು ಕಳೆದುಕೊಂಡಿದ್ದೆ. ಕಾರವಾರದಿಂದ ಓದಲು ಬಂದವಳು. ಹಾಸ್ಟೆಲಿನಲ್ಲಿ ನಮಗೆ ಒಂದೇ ಕೋಣೆ, ಒಂದೇ ಎಣ್ಣೆ ಸೀಸೆ. ಬಿ.ಎ. ಮುಗಿಯುವ ಮೊದಲೇ ಅವಳನ್ನು ಘಾಟ್ಕೋಪರಿನ ಕಾಮತರ ಮನೆಗೆ ಕೊಟ್ಟರು. ಪರೀಕ್ಷೆಯಿದ್ದದ್ದರಿಂದ ಮದುವೆಗೆ ಹೋಗಲಾಗಲಿಲ್ಲ. ಕೆಲವು ವರ್ಷಗಳ ಮೇಲೆ ನಾನೂ ಮದುವೆಯಾಗಿ ಇದೇ ಮುಂಬಯಿಗೆ ಬಂದೆ. ಬಂದವಳೇ ಘಾಟ್ಕೋಪರಿಗೆ ಹೋಗಿ ಗಿರಿಜಾ ಕಾಮತ್ ಮನೆ ಯಾವುದೆಂದು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಅಲೆದೆ. ಕಾಮತರಿಗೇನೂ ಬರವಿರಲಿಲ್ಲ, ಗಿರಿಜೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವಳು ಬದುಕಿಲ್ಲವೇನೋ ಎಂದುಕೊಂಡು ಅತ್ತದ್ದೂ ಉಂಟು.

ಲಾಂಚು ಹೊರಟು ಸ್ವಲ್ಪ ಹೊತ್ತಾಗಿತ್ತು. ಮುಂದಿನ ಬೆಂಚಿನಲ್ಲಿ ನನಗೆ ಬೆನ್ನು ಮಾಡಿ ಕೂತ ಹೆಂಗಸೊಬ್ಬಳು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಡಿಸುತ್ತ ಇದ್ದಳು. ಹಾಗೆ ಸುತ್ತಿಕೊಳ್ಳುತ್ತ ಪರೀಕ್ಷೆಗೆ ಓದುತ್ತಿದ್ದವಳು ನನಗೆ ತಿಳಿದ ಮಟ್ಟಿಗೆ ಒಬ್ಬಳೇ. ನನ್ನ ಗಂಟಲು ನನ್ನನ್ನು ಕೇಳದೆ ಗಿರಿಜಾ ಎಂದು ಕೂಗಿಬಿಟ್ಟಿತು.

ಅವಳು ತಿರುಗಲಿಲ್ಲ. ಅವಳ ಪಕ್ಕದಲ್ಲಿದ್ದ ಆರೇಳು ವರ್ಷದ ಮಗು ತಿರುಗಿತು. ನನಗೆ ನಾಚಿಕೆಯಾಯಿತು. ಮಗು ಯಾರನ್ನು ನೋಡುತ್ತಿದೆಯೆಂದು ಆಮೇಲೆ ಅವಳೂ ತಿರುಗಿದಳು. ನಾವಿಬ್ಬರೂ ಹೇಗೆ ಎದ್ದು ತಬ್ಬಿಕೊಂಡೆವೋ, ಲಾಂಚು ಹೇಗೆ ಮಗುಚಲಿಲ್ಲವೋ, ಆ ಶಿವನಿಗೇ ಗೊತ್ತು.

ಅವಳೀಗ ಮೀರಾ. ನಾನು ಅಲೆದ ಬಿಲ್ಡಿಂಗುಗಳಲ್ಲೇ ಒಂದರ ಎರಡನೇ ಮಹಡಿಯಲ್ಲಿದ್ದಾಳೆ. ಕಾರವಾರದಲ್ಲಿದ್ದ ತಾಯಿಯೂ ತೀರಿಕೊಂಡಮೇಲೆ ಅವಳನ್ನು ಗಿರಿಜಾ ಎನ್ನುವವರೇ ಇಲ್ಲವಾದರಂತೆ. ಒಬ್ಬರಾದರೂ ಮನೆಯಲ್ಲಿ ಆ ಹೆಸರು ಕೂಗುತ್ತಿರಲಿ ಎಂದು ಮಗಳಿಗೆ ಅದನ್ನೇ ಇಟ್ಟಳಂತೆ. ಮನೆಯವರಿಗೆ ತನ್ನ ಹಳೆಯ ಹೆಸರು ಮರೆತೇಹೋಗಿದೆಯೆಂದುಕೊಂಡು, ದೇವಿಯ ಹೆಸರು ಎಂದಷ್ಟೇ ಹೇಳಿದ್ದಳು. ಇದನ್ನು ತೀರ ಮೆಲ್ಲಗೆ ಹೇಳಿದಳು, ಏಕೆಂದರೆ ಮಗುವಿನ ಆಚೆ ಅವಳ ಅತ್ತೆ ಕಣ್ಣುಮುಚ್ಚಿ ಜಪ ಮಾಡುತ್ತಿದ್ದರು.

ನಾನೂ ಮರ್ಯಾದಸ್ಥಳ ಹಾಗೆ ದನಿ ತಗ್ಗಿಸಿ, ಹಾಗಾದರೆ ಮೀರಾ ಎಂದು ಏನೋ ಕೇಳಹೋದೆ. ಅವಳ ಮುಖ ಬಾಡಿತು.

"ನೀನೂ ಹಂಗೇ ಕರೆದ್ರೆ ಆ ಗಿರಿಜಾ ಎಲ್ಲಿಗೆ ಹೋಗ್ಬೇಕೇ?" ಎಂದಳು.

ನನಗೆ ಕಣ್ಣು ತುಂಬಿ ಬಂತು. ಗಿರಿಜಾ, ಗಿರಿಜಾ ಎಂದೆ. ತಗ್ಗಿಸಿದ ದನಿ ಎಷ್ಟು ಹೊತ್ತು ತಗ್ಗಿದ್ದೀತು? ಅತ್ತೆ ಕಣ್ಣುಬಿಟ್ಟರು. ಗೆಳತಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳು ಇಷ್ಟು ವರ್ಷ ಕಾಪಾಡಿಕೊಂಡಿದ್ದ ಗುಟ್ಟನ್ನು ನಾನು ಸಮುದ್ರದ ನಡುವೆ, ಎದ್ದು ಹೋಗಲು ಜಾಗವಿಲ್ಲದ ಕಡೆ, ಬಯಲು ಮಾಡಿದ್ದೆ.

"ನಂಗೆ ಗೊತ್ತುಂಟು," ಎಂದರು ಅತ್ತೆ ಸೊಸೆಗೆ, ತಮ್ಮ ಕಾರವಾರದ ಕನ್ನಡದಲ್ಲಿ. "ಮಗೂಗೆ ನಿನ್ನ ಹೆಸರೇ ಇಟ್ಟದ್ದು ಅಂತ. ಗೊತ್ತಿದ್ದೇ ಸುಮ್ನೆ ಇದ್ದೆ."

ನೀರಿನ ಕಡೆ ತಿರುಗಿದರು. ಮತ್ತೆ ಯಾರಿಗೂ ಅಲ್ಲವೆಂಬಂತೆ ಹೇಳಿದರು:

"ನಂದು ಶೇವಂತಿ ಅಂತ ಇತ್ತು, ಅಪ್ಪನ ಮನೇಲಿ. ಈಗ ಹಂಗೆ ಕರೀಲಿಕ್ಕೆ ಯಾರೂ ಉಳಿದಿಲ್ಲ."

ಸೊಸೆಯಾದವಳು ಅತ್ತೆಯನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಅಷ್ಟು ಹಿರಿಯರನ್ನು ಹಾಗೆ ಕರೆಯುವುದು ಹೊರಗಿನವಳಾದ ನನ್ನಿಂದಲೂ ಆಗದು. ಮಗುವಿಗೆ ಈ ಕಟ್ಟುಪಾಡು ಯಾವುದೂ ಗೊತ್ತಿರಲಿಲ್ಲ. ಅಜ್ಜಿಯ ಮಡಿಲಿಗೆ ಒರಗಿ, ಬಾಯಲ್ಲಿ ರುಚಿ ನೋಡುವ ಹಾಗೆ, "ಶೇವಂತಿ ಆಜಿ" ಎಂದಿತು.

"ಓ" ಎಂದರು ಅವರು.

ಮಗು ಮತ್ತೆ ಕರೆಯಿತು. ಮತ್ತೆ "ಓ" ಎಂದರು. ಅಷ್ಟರಲ್ಲಿ ದ್ವೀಪ ಬಂದು, ಲಾಂಚಿನವನು ಎಲ್ಲರೂ ಇಳಿಯಿರೆಂದು ಮರಾಠಿಯಲ್ಲಿ ಕೂಗುತ್ತಿದ್ದ. ಅದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.