ಬಲಗಡೆಯ ಸಮುದ್ರ

ಹಳೆಯ ಕಾರು ಮಾರಬೇಕೆಂದು ಮೊನ್ನೆ ಅದರ ಬಾಗಿಲು ತೆರೆದಿಟ್ಟೆ. ಎಷ್ಟು ತೊಳೆದರೂ ಒಣಮೀನಿನ ವಾಸನೆ ಹೋಗಿರಲಿಲ್ಲ. ನಾನು ಮೀನು ತಿನ್ನುವವಳಲ್ಲ. ಆದರೂ ಮೂಗು ಮುಚ್ಚಿಕೊಳ್ಳದೆ ಸೀಟಿನ ಮೇಲೆ ಕುಳಿತುಬಿಟ್ಟೆ. ನಗಬೇಡಿ, ಶ್ರೀಲಂಕಾದ ಊರುಗಳನ್ನೆಲ್ಲ ನಾನು ಕಲಿತದ್ದು ಈ ಕಾರಿನಲ್ಲೇ, ಆ ದ್ವೀಪದಲ್ಲಿ ಒಮ್ಮೆಯೂ ಕಾಲಿಡದೆ.

ಲಾಸ್ ಏಂಜಲೀಸ್ ಹತ್ತಿರದ ಸೆರಿಟೋಸ್‌ನಲ್ಲಿ ನಮ್ಮ ಪಕ್ಕದ ಮನೆಯ ಜಮೀಲಾ ಆಂಟಿ ಮೈಸೂರಿನವರು. ಮದುವೆಯಾಗಿ ಶ್ರೀಲಂಕಾದ ಗಾಲೆಗೆ ಹೋಗಿ, ಅಲ್ಲೇ ಮಕ್ಕಳನ್ನು ಬೆಳೆಸಿ, ವಯಸ್ಸಾದ ಮೇಲೆ ಹಿರಿಯ ಮಗನ ಜೊತೆ ಇಲ್ಲಿದ್ದರು. ಕಿರಿಯ ಮಗ ಸ್ಯಾನ್ ಡಿಯಾಗೋ ಹತ್ತಿರ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿದ್ದ. ನನ್ನ ಅಕ್ಕನ ಮನೆಯೂ ಅಲ್ಲೇ. ಹಾಗಾಗಿ ವಾರದ ಕೊನೆಗೆ ನಾನು ಡ್ರೈವರ್, ಅವರು ಗೈಡ್.

“ನೋಡಮ್ಮಾ, ಕೊಲಂಬೊದಿಂದ ಗಾಲೆಗೆ ಹೋಗುವಾಗ್ಲೂ ಸಮುದ್ರ ಹಿಂಗೇ ಬಲಗಡೆ ಇರುತ್ತೆ,” ಎಂದರು ಮೊದಲ ಸಲ. ಅಷ್ಟೇ, ಲಾಸ್ ಏಂಜಲೀಸ್ ಕೊಲಂಬೊ ಆಯಿತು. ಸ್ಯಾನ್ ಕ್ಲೆಮೆಂಟೆ ಬಂದರೆ ಕಳುತರ, ಅಲ್ಲಿ ಮ್ಯಾಂಗೋಸ್ಟೀನ್ ಹಣ್ಣು ತಿನ್ನದೆ ಮುಂದೆ ಹೋಗುವಂತಿಲ್ಲ. ಓಷನ್‌ಸೈಡ್ ಎಂದರೆ ಅಂಬಲಂಗೊಡ, ಮರದ ಮುಖವಾಡ ಕೆತ್ತುವವರ ಊರು. ಕಾರ್ಲ್ಸ್‌ಬ್ಯಾಡ್ ಎಂದರೆ ಹಿಕ್ಕಡುವ. ಅಲ್ಲಿ ಅವರ ಗೆಳತಿ ಸೋಮಾವತಿಯ ಒಣಮೀನಿನ ಅಂಗಡಿ. ಸಮುದ್ರವೇ ಕಾಣದ ರ್ಯಾಂಚೊ ಪೆನಾಸ್ಕಿಟೋಸ್ ಮಾತ್ರ ಗಾಲೆ. ಯಾಕೆಂದು ಕೇಳಿದರೆ, “ಮಗ ಇರೋ ಊರಲ್ವಾ!” ನಿಜವಾದ ಗಾಲೆಯಲ್ಲಿ ಮಗಳು ಫರ್ಜಾನಾ ಇದ್ದಳು.

ಯಾರೇ ಅಲ್ಲಿಂದ ವಿಮಾನ ಹತ್ತಲಿ, ಸೋಮಾವತಿಯ ಪೊಟ್ಟಣ ಬರುತ್ತಿತ್ತು. ಕಿರಿಯ ಮಗನಿಗೆಂದು ಆಂಟಿ ಅದನ್ನು ಕಾರಿನಲ್ಲಿ ಒಯ್ಯುವಾಗ ಪುಡಿ ನನ್ನ ಸೀಟಿನಡಿ ಉದುರುತ್ತಿತ್ತು.

“ನಿಮ್ಮ ಗೆಳತಿಗೆ ಸರಿಯಾಗಿ ಕಟ್ಟೋಕೆ ಬರಲ್ವಾ ಆಂಟಿ?” ಎಂದು ರೇಗಿದೆ ಒಮ್ಮೆ.

“ಬರುತ್ತೆ. ನಿನ್ ಕಾರಿಗೂ ಸ್ವಲ್ಪ ರುಚಿ ಇರ್ಲಿ ಅಂತ ಹಂಗೆ ಕಟ್ತಾಳೆ.”

ಎರಡು ಸಾವಿರದ ನಾಲ್ಕರ ಕ್ರಿಸ್‌ಮಸ್ ಮರುದಿನ ಬೆಳಿಗ್ಗೆ ಟಿವಿ ಹಾಕಿದೆ. ಸುನಾಮಿ ಎಂಬ ಮಾತು ಆಗ ನನಗೆ ಹೊಸದು. ಆದರೆ ಊರುಗಳು ಹೊಸವಾಗಿರಲಿಲ್ಲ. ಕಳುತರ, ಅಂಬಲಂಗೊಡ, ಹಿಕ್ಕಡುವ, ಗಾಲೆ: ನಮ್ಮ ದಾರಿಯ ಹೆಸರುಗಳನ್ನೇ ಯಾರೋ ಅಪರಿಚಿತರು ಓದುತ್ತಿದ್ದರು.

ಫರ್ಜಾನಾಗೆ ಫೋನ್ ಸಿಗುತ್ತಿರಲಿಲ್ಲ. ಆಂಟಿ ಕಿರಿಯ ಮಗನ ಬಳಿ ಹೋಗಬೇಕೆಂದರು, ಹೊರಟೆವು. ಸ್ಯಾನ್ ಕ್ಲೆಮೆಂಟೆಯಲ್ಲಿ ಸಮುದ್ರ ಎಂದಿನಂತೆ ನೀಲಿಯಾಗಿ, ಏನೂ ಅರಿಯದಂತೆ ಮಲಗಿತ್ತು. ಆಂಟಿ ಮುಖ ಎಡಕ್ಕೆ ತಿರುಗಿಸಿಕೊಂಡರು. ನನಗೆ ಭಯವಾಯಿತು.

ಓಷನ್‌ಸೈಡ್ ದಾಟುವಾಗ ನನ್ನ ಮೊಬೈಲ್ ರಿಂಗಾಯಿತು. ಆಂಟಿ ಎತ್ತಿಕೊಂಡರು. ಕಿರಿಯ ಮಗ ಅಲ್ಲಿಂದ ಕೂಗಿದ್ದು ನನಗೂ ಕೇಳಿಸಿತು: ಫರ್ಜಾನಾ ಓಡಿ ಗಾಲೆಯ ಹಳೇ ಕೋಟೆ ಹತ್ತಿದ್ದಳು, ಬದುಕಿದ್ದಳು. ಈಗ ಆಂಟಿ ಅಳುತ್ತಾರೆ, ನನ್ನ ಕೈ ಹಿಡಿಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ ಮಾತು.

“ಹಿಕ್ಕಡುವ?”

ಆ ಕಡೆಯಿಂದ ಬಂದ ಉತ್ತರ ಸಣ್ಣದು. ಫೋನ್ ಮಡಿಲಲ್ಲಿಟ್ಟುಕೊಂಡರು.

“ಅಂಗಡಿ ಸಾಲೇ ಇಲ್ವಂತೆ,” ಎಂದರು. “ಮಗಳು ಉಳಿದ್ಲು ಅಂತ ಅಲ್ಲಾಗೆ ಶುಕ್ರಿಯಾ ಹೇಳ್ಬೇಕು ನಾನು. ಬಾಯೇ ಬರ್ತಿಲ್ಲ ಕಣಮ್ಮಾ.”

ಕಾರ್ಲ್ಸ್‌ಬ್ಯಾಡ್ ಬೋರ್ಡ್ ಬಂತು, ಹೋಯಿತು. ಇಬ್ಬರೂ ಅದರ ಹೆಸರೆತ್ತಲಿಲ್ಲ. ಸೋಮಾವತಿಯ ಸುದ್ದಿ ಮುಂದೆಯೂ ಬರಲಿಲ್ಲ. ಆಂಟಿ ಆಮೇಲೆ ಗಾಲೆಗೇ ಮರಳಿದರು.

ಮೊನ್ನೆ ಕಾರು ನೋಡಲು ಬಂದವರು ಬೆಂಗಳೂರಿನ ಎಂಜಿನಿಯರ್. ಒಳಗೆ ತಲೆ ಹಾಕಿ ಮೂಗು ಸಿಂಡರಿಸಿದರು.

“ಏನ್ ಮೇಡಂ ಇದು, ಮೀನಿನ ವಾಸ್ನೆ? ನಿಮ್ಮನೇಲಿ ಯಾರು ತಿಂತಾರೆ?”

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

“ಹಿಕ್ಕಡುವದಲ್ಲಿ ನಮ್ಮೋರೊಬ್ರು ಇದ್ರು,” ಎಂದೆ.