ಮುರಿಗೆಪ್ಪನವರು ಗಲಬರಿಸಿದ ಗಾಜು

ಮುರಿಗೆಪ್ಪನವರ ಮನೆಯಲ್ಲಿ ತೊಳೆದಿಟ್ಟ ತಂಬಿಗೆಯನ್ನು ಹಾಗೇ ಬಳಸುವ ಪದ್ಧತಿ ಇರಲಿಲ್ಲ. ಹಿಂದಿನ ದಿನ ಎಷ್ಟೇ ಬೆಳಗಿಟ್ಟಿದ್ದರೂ, ಒಂದಿಷ್ಟು ನೀರು ಹಾಕಿ ಗಲಬರಿಸಿ ಚೆಲ್ಲಿದ ಮೇಲೆಯೇ ಅದು ಪೂಜೆಗೂ ಸೈ, ಹಾಲಿಗೂ ಸೈ. ವಿಜಾಪುರದ ಕಡೆಯ ಈ ರೂಢಿಯನ್ನು ಅವರು ಮುಂಬೈನ ಅಂಧೇರಿಯ ಚಾಳಿನ ಮನೆಗೆ ತಂದಿದ್ದರು. ತಾವು ಕೆಲಸಕ್ಕಿದ್ದ ಪವಾಯಿಯ ಕೆಮಿಸ್ಟ್ರಿ ಲ್ಯಾಬಿಗೂ ತಂದಿದ್ದರೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದು ೧೯೭೩ರ ಮಳೆಗಾಲ. ಲ್ಯಾಬಿನ ಗಾಜಿನ ಪಾತ್ರೆ ತೊಳೆಯುವುದು ಅವರ ಕೆಲಸ. ಸಂಶೋಧನೆಗೆಂದು ಧಾರವಾಡದಿಂದ ಬಂದ ಕಸ್ತೂರಿಬಾಯಿ ‘ಕಾಕಾ’ ಎಂದು ಕರೆದ ದಿನವೇ ಅವರಿಗೆ ಮಗಳಂತಾಗಿಬಿಟ್ಟಿದ್ದಳು. ಅವಳು ಸಂಜೆ ಓವನ್ನಿನಲ್ಲಿ ಒಣಗಲು ಇಟ್ಟ ಫ್ಲಾಸ್ಕುಗಳನ್ನು ಅವರು ಬೆಳಿಗ್ಗೆ ತೆಗೆದು, ಶಿವನಾಮ ಹೇಳುತ್ತ ಗಲಬರಿಸಿ, ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಅವಳು ಬರುವ ಹೊತ್ತಿಗೆ ಗಾಜು ಕಣ್ಣಿಗೆ ಒಣಗಿದಂತೆಯೇ ಕಾಣುತ್ತಿತ್ತು. ಬೇರೆಯವರ ಪಾತ್ರೆಗೆ ಈ ಉಪಚಾರ ಇರಲಿಲ್ಲ.

ಅವಳು ತಯಾರಿಸುತ್ತಿದ್ದುದು ಐಸೊಸಯನೇಟ್ ಎಂಬ, ಕಣ್ಣು ಉರಿಸುವ ದ್ರವ. ಅಜೈಡ್ ಎಂಬ ವಸ್ತುವನ್ನು ನೀರಿನಂಶವಿಲ್ಲದ ಟಾಲ್ಯೂಯಿನ್ ದ್ರಾವಕದಲ್ಲಿ ಮೆಲ್ಲಗೆ ಕಾಯಿಸಿದರೆ, ನೈಟ್ರೋಜನ್ ಗುಳ್ಳೆಗುಳ್ಳೆಯಾಗಿ ಹೊರಟುಹೋಗಿ ಇದು ಉಳಿಯುತ್ತದೆ. ಭಟ್ಟಿ ಇಳಿಸಿ ತಿಳಿಯಾಗಿ ಹಿಡಿಯಬೇಕು. ಈಗಾಗಲೇ ಎರಡು ಸಲ ಮಾಡಿ ನೋಡಿದ್ದಳು; ಎರಡು ಸಲವೂ ಹಿಡಿದಿಟ್ಟ ಫ್ಲಾಸ್ಕಿನಲ್ಲಿ ಮರುದಿನ ಸುಣ್ಣದಂಥ ಬಿಳಿ ಗಷ್ಟು ಕೂತಿತ್ತು. ಇನ್ನೊಮ್ಮೆ ಕೆಟ್ಟರೆ ವಿಷಯವನ್ನೇ ಬೇರೆಯವರಿಗೆ ಕೊಡುವುದಾಗಿ ಪ್ರೊಫೆಸರ್ ಹೇಳಿದ್ದರು.

“ಎರಡ್ ವರ್ಷದ ಕೆಲಸ, ಕಾಕಾ,” ಎಂದು ಅವಳು ಸ್ಟೂಲಿನ ಮೇಲೆ ಕುಸಿದಳು.

“ಸಾಮಾನs ಖೊಟ್ಟಿ ಇರಬೇಕ್ರಿ ಬಾಯಾರ. ದುಕಾನದಾವ ಮೋಸ ಮಾಡ್ಯಾನ.”

“ಅಲ್ರಿ, ಎಲ್ಲೋ ನೀರು ಸೇರಾಕತ್ತೈತಿ. ಇಲ್ನೋಡ್ರಿ.”

ಹೊಗೆ ಎಳೆದುಕೊಳ್ಳುವ ಗಾಜಿನ ಕಪಾಟಿನೊಳಗೆ ಕೈಯಿಟ್ಟು, ಗಷ್ಟಿನ ಮೇಲೆ ಉಳಿದಿದ್ದ ತಿಳಿಯನ್ನು ಸಣ್ಣ ನಳಿಕೆಗೆ ಬಗ್ಗಿಸಿ, ಒಂದೇ ಹನಿ ನೀರು ಬಿಟ್ಟಳು. ಸ್ವಲ್ಪ ಹೊತ್ತಿಗೆ ಗುಳ್ಳೆಗಳೆದ್ದವು. ಆಮೇಲೆ ಅದೇ ಬಿಳಿ.

“ನೀರು ತಾಗಿದ್ದು ಅಮೀನ್ ಅನ್ನೂ ಬ್ಯಾರೆ ವಸ್ತು ಆಗತೈತಿ. ಆ ಅಮೀನು ಪಕ್ಕದಾಗಿಂದನ್ನ ಹಿಡ್ಕೊಂಡು ಈ ಬಿಳಿ ಯೂರಿಯಾ ಆಗಿ ತಳಕ್ಕ ಕುಂದರತೈತಿ.”

ಮುರಿಗೆಪ್ಪನವರು ಬೆಳಿಗ್ಗೆ ತಾವು ಬೋರಲು ಹಾಕಿದ್ದ ಫ್ಲಾಸ್ಕುಗಳ ಕಡೆ ನೋಡಿದರು. ಸುಮ್ಮನಿದ್ದು ನಾಳೆಯಿಂದ ಗಲಬರಿಸುವುದನ್ನು ಬಿಟ್ಟರೆ ಯಾರಿಗೂ ತಿಳಿಯದು. ಹೇಳಿದರೆ ಈ ಕೋಣೆಯ ಬಾಗಿಲು ತಮಗೆ ಮುಚ್ಚಬಹುದು. ಆದರೆ ಇದನ್ನು ನುಂಗಿಕೊಂಡು ನಾಳೆ ಲಿಂಗಪೂಜೆಗೆ ಕೂರುವುದು ಹೇಗೆ?

“ಆ ನೀರು ನಾನs ಹಾಕೀನ್ರಿ,” ಎಂದರು. “ದಿನಾ ಮುಂಜಾನೆ. ನಿಮ್ಮ ಕೆಲಸ ಮಡೀಲೆ ಆಗ್ಲಿ ಅಂತ.”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. “ಎರಡ್ ತಿಂಗಳಿಂದ ಈ ಮುಂಬೈ ಮಳೀಗೆ ಬೈಯಾಕತ್ತಿದ್ದೆ. ಮಳೆರಾಯ ಇಲ್ಲೇ ಇದ್ದ ನೋಡ್ರಿ.” ಕಣ್ಣೊರೆಸಿಕೊಂಡು ಹೇಳಿದಳು: “ಈ ಸಲ ಫ್ಲಾಸ್ಕು ನೀವs ತಗದು ಕೊಡ್ರಿ. ಬಿಸಿ ಇದ್ದಾಗs.”

ಆ ರಾತ್ರಿ ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ ರುದ್ರವ್ವ, “ನೀರು ಮುಟ್ಟಿದ್ರ ಮೈಲಿಗಿ ಆಗೋ ದೇವರು ನಿಮಗೆಲ್ಲಿ ಸಿಕ್ತು?” ಎಂದು ಕಾಡಿಸಿದಳು.

“ಬಾಯಾರ ಮಡಿ ಹಂಗೈತಿ,” ಎಂದರು ಮುರಿಗೆಪ್ಪ.

ಮರುದಿನ ಓವನ್ನಿನಿಂದ ಬಿಸಿ ಫ್ಲಾಸ್ಕನ್ನು ಬಟ್ಟೆಯಲ್ಲಿ ಹಿಡಿದು ನಡೆದಾಗ, ನಲ್ಲಿಯ ಹತ್ತಿರ ಅವರ ಕೈ ಒಮ್ಮೆ ತಾನಾಗಿ ಅದರತ್ತ ವಾಲಿತು. ಬಿಗಿಹಿಡಿದು ನೇರ ಅವಳಿಗೆ ಒಪ್ಪಿಸಿದರು.

ಅದರ ಮರುಬೆಳಿಗ್ಗೆ ಫ್ಲಾಸ್ಕಿನ ತಳ ಗಷ್ಟಿಲ್ಲದೆ ತಿಳಿಯಾಗಿ ಕಾಣುತ್ತಿತ್ತು. ಪ್ರೊಫೆಸರ್ ಬಂದು, ಬೆಳಕಿಗೆ ಹಿಡಿದು ನೋಡಿ, ಮುಂದುವರಿಸು ಎಂದು ಹೇಳಿ ಹೋದರು. ಮುರಿಗೆಪ್ಪನವರು ವರಾಂಡದಲ್ಲಿ ಕಸ್ತೂರಿಬಾಯಿಗೆ ಚಹಾ ಕೊಟ್ಟರು. ಲೋಟವನ್ನು ಮಾತ್ರ ಅವತ್ತು ಎರಡು ಸಲ ಗಲಬರಿಸಿದ್ದರು.